ಆರನೆಯ ಪ್ಲಗ್ಗು

ನಮ್ಮ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ. ತಂಗಿ ಹಾಗಲ್ಲ, ಅವಳು ತನ್ನ ಕೋಪವನ್ನು ಮಡಿಸಿ, ಇಸ್ತ್ರಿ ಹಾಕಿ, ಒಳಗಿಟ್ಟುಕೊಳ್ಳುತ್ತಾಳೆ. ಇಬ್ಬರ ನಡುವೆ ಹುಟ್ಟಿದವನು ನಾನು. ಅಕ್ಕನಿಗೆ ತಮ್ಮ, ತಂಗಿಗೆ ಅಣ್ಣ, ಇಬ್ಬರ ಜಗಳಕ್ಕೆ ಸಂಬಳವಿಲ್ಲದ ಪಂಚಾಯಿತಿದಾರ. ಹೊಟ್ಟೆಪಾಡಿಗೆ ಗಾಡಿ ರಿಪೇರಿ ಮಾಡುತ್ತೇನೆ. ಗಾಡಿಗಳು ಮುನಿಸಿಕೊಂಡರೆ ಯಾಕೆ ಅಂತ ಹೇಳುತ್ತವೆ, ಅಷ್ಟರಮಟ್ಟಿಗೆ ನೆಮ್ಮದಿ.

ಅಕ್ಕ ಓಡಿಸುವುದು ಒಂದು ಹಳೆಯ ಪಿಕಪ್ಪು. ಭಾವನ ಮರಗೆಲಸದ ಮಳಿಗೆಯಿಂದ ಬಾಗಿಲು, ಕಿಟಕಿಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸುವುದು ಅದರ ಕಸುಬು. ವರ್ಷವಿಡೀ ಹೀಗೆ ಕತ್ತೆ ಚಾಕರಿ ಮಾಡುವ ಗಾಡಿ ಒಂದು ಭಾನುವಾರ ಮಾತ್ರ ಮೆರೆಯುತ್ತದೆ. ಊರಾಚೆಯ ಗುಡ್ಡದ ರಸ್ತೆಯನ್ನು ಆ ಬೆಳಗ್ಗೆ ಮುಚ್ಚಿಸಿ, ದುಡಿಯುವ ಗಾಡಿಗಳಿಗೆಂದೇ ಒಂದು ಓಟ ನಡೆಸುತ್ತಾರೆ. ಒಂದೊಂದೇ ಗಾಡಿ ಬುಡದಿಂದ ತುದಿಗೆ ಹತ್ತಬೇಕು. ಎರಡು ಸಲ ಹತ್ತಬಹುದು, ಅದರಲ್ಲಿ ಚೆನ್ನಾಗಿ ಹತ್ತಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹೋದ ವರ್ಷ ಅಕ್ಕ ಗೆದ್ದಳು. ಇಟ್ಟಿಗೆ ವ್ಯಾಪಾರಿಯ ಗಾಡಿ ಎರಡನೆಯದಾಯಿತು. ಅವನು ಆವತ್ತಿನಿಂದ ನಮ್ಮ ಬೀದಿಯಲ್ಲಿ ಹಾದು ಹೋಗುವಾಗ ಹಾರ್ನ್ ಹೊಡೆಯುವುದನ್ನೂ ಬಿಟ್ಟಿದ್ದಾನೆ.

ಬಾಗಿಲು ಹೊರುವ ಗಾಡಿ ಗುಡ್ಡ ಗೆದ್ದದ್ದು ಹೇಗೆ ಅಂದರೆ, ಅದರ ಆರು ಸಿಲಿಂಡರಿನ ಇಂಜಿನ್ನಿಗೆ ನಾನು ಟರ್ಬೊ ಕೂರಿಸಿದ್ದೆ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ತಿರುಗಿ, ಇಂಜಿನ್ನಿನ ಹೊಟ್ಟೆಗೆ ಇನ್ನಷ್ಟು ಗಾಳಿ ತುರುಕುವ ಯಂತ್ರ ಅದು. ಕೂರಿಸುವಾಗ ಒಂದು ದಪ್ಪ ಪೈಪನ್ನು ಇಂಜಿನ್ನಿನ ಹಿಂದಿನಿಂದ ಬಳಸಿ ತರಬೇಕಾಯಿತು. ಆರನೆಯ ಸಿಲಿಂಡರಿನ ಪ್ಲಗ್ಗು ಇರುವುದೂ ಅಲ್ಲೇ, ಮೂಲೆಯಲ್ಲಿ. ಪ್ಲಗ್ಗು ಬಿಚ್ಚಲು ಒಂದು ಕೈ ಹೋಗುವಷ್ಟು ಜಾಗ ಬಿಡಬೇಕಲ್ಲ? ತಂಗಿ ಪಕ್ಕದಲ್ಲಿ ನಿಂತಿದ್ದಳು. "ಕೈ ಹಾಕು ನೋಡೋಣ" ಅಂದೆ. ಹಾಕಿದಳು, ಸಲೀಸಾಗಿ ಹೋಯಿತು. ಅದೇ ಅಳತೆಗೆ ಪೈಪು ಬೆಸೆದುಬಿಟ್ಟೆ. ಬೇರೆ ಮೆಕ್ಯಾನಿಕ್ಕುಗಳು ಪಟ್ಟಿ ಹಿಡಿದು ಅಳೆಯುತ್ತಾರೆ, ನಾನು ತಂಗಿಯ ಮಣಿಕಟ್ಟು ಹಿಡಿದು ಅಳೆದೆ. ಅವಳು ದರ್ಜಿ, ಕೈ ಸಣ್ಣದು. ಹಾಗಾಗಿ ಪ್ರತಿ ವರ್ಷ ಐದು ಪ್ಲಗ್ಗು ನನ್ನ ಪಾಲಿಗೆ, ಆರನೆಯದು ಅವಳ ಪಾಲಿಗೆ ಅಂತ ಆಯಿತು. ಅವಳಿಲ್ಲದಿದ್ದರೆ ಏನು ಗತಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ತಂಗಿ ಎಲ್ಲಿಗೆ ಹೋಗುತ್ತಾಳೆ?

ತಂಗಿ ಎಲ್ಲಿಗೂ ಹೋಗಲಿಲ್ಲ. ಬೀದಿಯ ತಿರುವಿನಲ್ಲಿರುವ ತನ್ನ ಹೊಲಿಗೆ ಅಂಗಡಿಯಲ್ಲೇ ಇದ್ದಳು. ನನ್ನ ಶೆಡ್ಡಿಗೆ ಬರುವುದನ್ನು ಮಾತ್ರ ನಿಲ್ಲಿಸಿದಳು. ಹೋದ ವರ್ಷ ಗೆದ್ದ ಸಂಭ್ರಮದಲ್ಲಿ ಅವಳು ಅಕ್ಕನನ್ನು ಕೇಳಿದ್ದಳು, "ಮುಂದಿನ ಸಲ ನಾನು ಓಡಿಸಲಾ?" ಅಂತ. ತಮಾಷೆಗಲ್ಲ, ನಿಜಕ್ಕೂ ಕೇಳಿದ್ದಳು. ಅಕ್ಕ ಬಹುಮಾನದ ಕಪ್ಪು ಎತ್ತಿ ಹಿಡಿದುಕೊಂಡೇ, ನಾಲ್ಕು ಜನರ ಎದುರು, "ನೀನು ಹೊಲಿಗೆ ಮಿಷಿನ್ ಓಡ್ಸು ಸಾಕು" ಅಂದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಮನೆಗೆ ಹೋದಳು, ಅಲ್ಲಿಂದ ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕನೇನು ಕಮ್ಮಿಯೇ, ಅವಳೂ ಬಿಟ್ಟಳು. ಅಮ್ಮನ ಮನೆಯಲ್ಲಿ ಎದುರುಬದುರು ಊಟಕ್ಕೆ ಕೂತರೂ "ಉಪ್ಪು ಕೊಡೋಕೆ ಹೇಳಮ್ಮ ಅವಳಿಗೆ" ಅನ್ನುವ ಮಟ್ಟಕ್ಕೆ ಬಂತು ವ್ಯವಹಾರ.

ಈ ವರ್ಷ ಇಟ್ಟಿಗೆ ವ್ಯಾಪಾರಿ ಹೊಸ ಇಂಜಿನ್ ಹಾಕಿಸಿದನೆಂಬ ಸುದ್ದಿ ಕಿವಿಗೆ ಬಿತ್ತು. ಅಕ್ಕನಿಗೆ ನಿದ್ದೆ ಹಾರಿತು. "ಗಾಳಿ ಜಾಸ್ತಿ ಮಾಡೋ" ಅಂತ ನನ್ನ ಬೆನ್ನು ಬಿದ್ದಳು. ಟರ್ಬೊದ ಒತ್ತಡ ಏರಿಸಿದೆ. ಏರಿಸಿದ ಮೇಲೆ ಹಳೆಯ ಪ್ಲಗ್ಗುಗಳು ನಡೆಯುವುದಿಲ್ಲ. ಪ್ಲಗ್ಗು ಅಂದರೆ ಸಿಲಿಂಡರಿನ ಒಳಗೆ ಕಿಡಿ ಹಾರಿಸುವ ಸಾಮಾನು ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಬಿಸಿ ಜಾತಿ, ತಣ್ಣನೆ ಜಾತಿ ಅಂತ ಇರುವುದು ಬಹಳ ಮಂದಿಗೆ ಗೊತ್ತಿಲ್ಲ. ತುದಿಯ ಬಿಳಿ ಪಿಂಗಾಣಿ ಮೂಗು ಉದ್ದವಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಗಿಡ್ಡವಿದ್ದರೆ ಬೇಗ ಇಂಜಿನ್ನಿನ ಮೈಗೆ ಇಳಿದುಹೋಗುತ್ತದೆ. ನಮ್ಮ ಮನೆಯ ಮೂಗುಗಳನ್ನು ನೋಡಿದವರು ಇದನ್ನು ಒಂದೇ ಸಲಕ್ಕೆ ಒಪ್ಪುತ್ತಾರೆ. ಒತ್ತಡ ಏರಿದ ಇಂಜಿನ್ನಿಗೆ ಗಿಡ್ಡ ಮೂಗಿನದೇ ಬೇಕು.

ಬಿಡಿಭಾಗದ ಅಂಗಡಿಯವನನ್ನು ನಾವು ಗ್ಯಾರಂಟಿ ಅಂತ ಕರೆಯುತ್ತೇವೆ. ಅವನು ಎಲ್ಲದಕ್ಕೂ ಗ್ಯಾರಂಟಿ ಕೊಡುತ್ತಾನೆ, ಬಾಯಲ್ಲಿ. ನಾನು ಗಾಡಿಯ ವಿಷಯ ಹೇಳುವುದರೊಳಗೆ ಒಂದು ಚಿನ್ನದ ಬಣ್ಣದ ಡಬ್ಬಿ ಮುಂದಿಟ್ಟ.

"ಇದು ನೋಡಿ. ಪ್ಲಗ್ಗಿನ ತುದಿಗೆ ಒಂದಲ್ಲ, ನಾಲ್ಕು ಕಾಲು. ನಾಲ್ಕು ಕಡೆ ಕಿಡಿ. ಗಾಡಿ ಹಾರ್‍ಕೊಂಡು ಹೋಗತ್ತೆ."

"ನಮ್ಮನೆ ಮೇಜಿಗೂ ನಾಲ್ಕು ಕಾಲಿದೆ, ಇವತ್ತಿನವರೆಗೆ ಎಲ್ಲಿಗೂ ಹೋಗಿಲ್ಲ" ಅಂದೆ. "ಕಿಡಿ ಯಾವಾಗ್ಲೂ ಒಂದೇ ಕಡೆ ಹಾರೋದು. ಒಂದು ಕಾಲಿಂದೇ ಕೊಡು. ಈಗಿರೋದಕ್ಕಿಂತ ಒಂದು ಮೆಟ್ಟಿಲು ತಣ್ಣಗೆ."

"ಎರಡು ಮೆಟ್ಟಿಲು ಕೊಡ್ತೀನಿ, ಇನ್ನೂ ಒಳ್ಳೇದು."

"ವಾರವೆಲ್ಲ ಬಾಗಿಲು ಹೊರೋ ಗಾಡಿ ಇದು. ಅಷ್ಟು ತಣ್ಣಗಿದ್ರೆ ನಿಧಾನಕ್ಕೆ ಹೋಗುವಾಗ ಮಸಿ ಕಟ್ಟಿ ಕೂತ್ಕೊಳತ್ತೆ. ಒಂದೇ ಸಾಕು."

ಗ್ಯಾರಂಟಿ ಮುಖ ಸಣ್ಣದು ಮಾಡಿಕೊಂಡು ಒಳಗಿನಿಂದ ಸಾದಾ ಪೆಟ್ಟಿಗೆ ತಂದ. ಇಂಜಿನ್ನಿಗೆ ತಿರುಗಿ ಕೂರುವ ಸುತ್ತುಗೆರೆಯ ಭಾಗಕ್ಕೆ ಮರೆ ಅನ್ನುತ್ತೇವೆ, ಅದರ ದಪ್ಪ, ಉದ್ದ ಹಳೆಯದಕ್ಕೆ ಹಿಡಿದು ನೋಡಿದೆ. ಮರೆ ಉದ್ದವಾದರೆ ಪ್ಲಗ್ಗಿನ ತಲೆಯನ್ನು ಪಿಸ್ಟನ್ ಬಂದು ಗುದ್ದುತ್ತದೆ. ಪೆಟ್ಟಿಗೆ ಬೀಳಿಸಿದರೆ ಒಳಗಿನ ಪಿಂಗಾಣಿ ಸೀಳುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಮಗುವನ್ನು ಎತ್ತಿಕೊಂಡಂತೆ ಆರನ್ನೂ ಎದೆಗವಚಿಕೊಂಡು ಬಂದೆ.

ಶುಕ್ರವಾರ ಬೆಳಗ್ಗೆ ಕೆಲಸಕ್ಕೆ ಕೂತೆ. ಮೊದಲು ಪ್ಲಗ್ಗಿನ ಸಂದು. ತುದಿಗೂ ಅದರ ಮೇಲೆ ಬಾಗಿರುವ ಕಾಲಿಗೂ ನಡುವಿನ ಆ ಸಂದಿನಲ್ಲೇ ಕಿಡಿ ಹಾರುವುದು. ಕಾರ್ಖಾನೆಯವರು ಒಂದು ಮಿಲಿಮೀಟರಿಗಿಂತ ಹೆಚ್ಚು ಬಿಟ್ಟಿರುತ್ತಾರೆ. ಟರ್ಬೊ ಗಾಳಿ ನುಗ್ಗಿದರೆ ಅಷ್ಟು ಅಗಲದ ಸಂದಿನಲ್ಲಿ ಕಿಡಿ ದೀಪ ಆರಿದಂತೆ ಆರಿಹೋಗುತ್ತದೆ. ತೆಳು ತಗಡಿನ ಅಳತೆ ಇಟ್ಟು, ಕಾಲನ್ನು ಮೆಲ್ಲಗೆ ತಟ್ಟಿ, ಅರ್ಧ ಮಿಲಿಮೀಟರಿಗೆ ಸ್ವಲ್ಪ ಮೇಲೆ ನಿಲ್ಲಿಸಿದೆ. ಅಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಕ್ಕ ಬೋನೆಟ್ಟಿನ ಪಕ್ಕ ನಿಂತು ಕಾಲು ಬದಲಿಸುತ್ತಿದ್ದಳು. ಅವಳಿಗೆ ಕಾಯುವುದು ಗೊತ್ತಿಲ್ಲ.

ಪ್ಲಗ್ಗುಗಳು ಕೂರುವ ಬಾವಿಯಂಥ ಗುಂಡಿಗಳ ಧೂಳನ್ನು ಗಾಳಿ ಊದಿ ತೆಗೆದು, ಒಂದು ಬಿಚ್ಚು ಒಂದು ಹಾಕು ಅಂತ ಐದನ್ನೂ ಬದಲಿಸಿದೆ. ಪ್ಲಗ್ಗನ್ನು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಬೇಕು. ಮರೆ ಓರೆಯಾಗಿ ಕೂತರೆ ಕೊಳವೆಯೇ ಜಾರುತ್ತದೆ. ಸ್ಪ್ಯಾನರಿಗೆ ಆ ನಾಚಿಕೆ ಇಲ್ಲ, ಅದು ಓರೆಯಾಗಿದ್ದನ್ನೂ ತುರುಕುತ್ತದೆ. ಐದೂ ಸಲೀಸಾಗಿ ಕೂತವು. ಆಮೇಲೆ ಮೂವರೂ ಆ ಹಿಂದಿನ ಮೂಲೆಯತ್ತ ನೋಡಿದೆವು.

ನಾನು ಕೈ ಹಾಕಿದೆ. ಬೆರಳಿನ ಗೆಣ್ಣಿನವರೆಗೆ ಹೋಗಿ ನಿಂತಿತು. ಅಕ್ಕ "ಸರಿ ಆ ಕಡೆ" ಅಂತ ನನ್ನನ್ನು ತಳ್ಳಿ ತಾನು ಹಾಕಿದಳು. ಬಾಗಿಲು ಎತ್ತಿ ಎತ್ತಿ ಗಟ್ಟಿಯಾದ ಕೈ. ಜಿದ್ದಿನ ಮೇಲೆ ಒಳಗೆ ಹೋಯಿತು, ಪ್ಲಗ್ಗಿಗೆ ಮುಟ್ಟಲಿಲ್ಲ, ಹೊರಗೂ ಬರಲಿಲ್ಲ. ಅಮ್ಮ ಎದ್ದು ಒಳಗೆ ಹೋಗಿ ತಲೆಗೆ ಹಚ್ಚುವ ಎಣ್ಣೆ ತಂದು ಮಣಿಕಟ್ಟಿಗೆ ಸುರಿದಳು.

"ಚಿಕ್ಕವಳಿದ್ದಾಗ ಮಡಕೆಯೊಳಗೆ ಕೈ ಸಿಕ್ಕಿಸ್ಕೊಂಡಿದ್ದೆ" ಅಂದಳು ಅಮ್ಮ. "ಆಗ್ಲೂ ಬೆಲ್ಲ ಬಿಡು ಅಂದ್ರೆ ಬಿಡ್ಲಿಲ್ಲ."

"ಈಗ ಕೈಯಲ್ಲಿ ಏನೂ ಇಲ್ಲಮ್ಮ."

"ಹಟ ಇದೆಯಲ್ಲ, ಅದನ್ನ ಬಿಡು, ಕೈ ಬರತ್ತೆ."

ಕೈ ಬಂತು, ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಅಕ್ಕ ಎಣ್ಣೆ ಒರೆಸಿಕೊಳ್ಳುತ್ತ, "ಐದು ಹಾಕಿದ್ದೀಯಲ್ಲ, ಸಾಕು ಬಿಡು. ಒಂದು ಹಳೇದಿದ್ರೆ ಏನು ಮುಳುಗಿಹೋಗತ್ತೆ?" ಅಂದಳು.

"ಪಿಸ್ಟನ್ನು" ಅಂದೆ. "ಈ ಒತ್ತಡಕ್ಕೆ ಆ ಬಿಸಿ ಪ್ಲಗ್ಗು ಕೆಂಡ ಆಗತ್ತೆ. ಕೆಂಡ ಆದ್ರೆ ಕಿಡಿ ಹಾರೋ ಮೊದ್ಲೇ ಬೆಂಕಿ ಹತ್ಕೊಳತ್ತೆ. ಗುಡ್ಡದ ಅರ್ಧದಲ್ಲಿ ಪಿಸ್ಟನ್ ತೂತಾಗಿ ನಿಲ್ತೀಯ. ಸೋಮವಾರದಿಂದ ಬಾಗಿಲುಗಳನ್ನ ತಲೆ ಮೇಲೆ ಹೊತ್ಕೊಂಡು ಹೋಗು."

"ಪೈಪು ಕತ್ತರಿಸು."

"ಕತ್ತರಿಸಿ, ಮತ್ತೆ ಬೆಸೆದು, ಸೋರದೆ ಇರೋ ಹಾಗೆ ಮಾಡೋಷ್ಟರಲ್ಲಿ ಓಟ ಮುಗಿದಿರತ್ತೆ. ಯಾರನ್ನ ಕರೀಬೇಕು ಅಂತ ನಿಂಗೂ ಗೊತ್ತು."

"ನಾನು ಕರೆಯಲ್ಲ" ಅಂದವಳೇ ಬೋನೆಟ್ ಮುಚ್ಚಿ, ಗಾಡಿ ಹತ್ತಿ, ನನ್ನ ಮಾತು ಸುಳ್ಳು ಮಾಡಿ ತೋರಿಸುತ್ತೇನೆಂದು ಹೊರಟೇಬಿಟ್ಟಳು. ನಾನು ಬೀದಿಗೆ ಬಂದು ನಿಂತೆ. ಹೊಲಿಗೆ ಅಂಗಡಿಯ ಎದುರು ಬೇಕಂತಲೇ ಒಮ್ಮೆ ಆಕ್ಸಿಲರೇಟರ್ ಒತ್ತಿದಳು. ಗಾಡಿ ನುಗ್ಗಿತು, ಆಮೇಲೆ ಫಟ್ ಫಟ್ ಅಂತ ಕೆಮ್ಮಿತು. ವಾಪಸ್ಸು ಬರುವಾಗ ಅವಳು ಮೆಲ್ಲಗೆ, ಮುಖ ಗಂಟು ಹಾಕಿಕೊಂಡು ಬಂದಳು.

ನಾನು ತಂಗಿಯ ಅಂಗಡಿಗೆ ಹೋದೆ. ಅವಳು ಒಂದು ಶಾಲಾ ಸಮವಸ್ತ್ರದ ತೋಳು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆರನೇದು ಹಳೇದೇ ಇದೆ" ಅಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಕೇಳಿಸ್ಲಿಲ್ವಾ? ಕೊನೇದು ಕೈ ಕೊಡ್ತಾ ಇದೆ."

ಐದು ಮತ್ತು ಆರರ ಕೆಮ್ಮಿನ ವ್ಯತ್ಯಾಸ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. "ಬಂದು ಹಾಕ್ಕೊಡ್ತೀಯಾ?" ಅಂತ ಕೇಳಿದೆ.

ಅವಳು ನೂಲು ಕಡಿದು, ತೋಳನ್ನು ಮಗುಚಿ, ನಿಧಾನವಾಗಿ ಹೇಳಿದಳು: "ಹಾಕ್ತೀನಿ. ಭಾನುವಾರ ನಾನು ಓಡಿಸ್ತೀನಿ. ಎರಡರಲ್ಲಿ ಒಂದು ಸಲ. ಅವಳಿಗೆ ಹುಷಾರಿಲ್ದಾಗ ಇದೇ ಗಾಡೀಲಿ ಇದೇ ಗುಡ್ಡದ ಮೇಲೆ ಬಾಗಿಲು ಸಾಗಿಸಿದ್ದು ನಾನೇ ಅಲ್ವಾ? ನನ್ನ ಕೈ ಅದರ ಹೊಟ್ಟೆಯೊಳಗೆ ಹೋಗ್ಬೋದು, ಸ್ಟೇರಿಂಗ್ ಮೇಲೆ ಇರೋ ಹಾಗಿಲ್ವಾ?"

ಮಾತು ಮುಟ್ಟಿಸಿದೆ. ಅಕ್ಕ ಕೆಂಡಾಮಂಡಲವಾದಳು. "ಬ್ಲಾಕ್‌ಮೇಲಾ? ಅವಳಿಗೆ ಹೇಳು, ಗಾಡಿ ನಂದು. ಶೆಡ್ಡಲ್ಲಿ ತುಕ್ಕು ಹಿಡಿದ್ರೂ ಪರವಾಗಿಲ್ಲ ಅಂತ ಹೇಳು." ಅದನ್ನೂ ಮುಟ್ಟಿಸಿದೆ. ತಂಗಿ "ಹಿಡೀಲಿ" ಅಂದಳು. ಎರಡು ಮನೆಗಳ ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು. ಕೊನೆಗೆ ನಾನು ಕೈಚೆಲ್ಲಿ ಕೂತೆ. ನಿಜ ಹೇಳಬೇಕೆಂದರೆ ನನಗೆ ಓಟದ ಚಿಂತೆ ಅಷ್ಟಿರಲಿಲ್ಲ. ಈ ಸಲ ಆರನೆಯ ಪ್ಲಗ್ಗು ಹಾಗೇ ಉಳಿದರೆ ಇವರಿಬ್ಬರ ಮಾತು ಇನ್ನು ಹುಟ್ಟುವುದಿಲ್ಲ ಎಂಬುದೇ ಚಿಂತೆ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನಲ್ಲಿ ನೆರಳು ಬಿತ್ತು. ತಂಗಿ ಬಂದು ನಿಂತಿದ್ದಳು, ತೋಳು ಮಡಿಸಿಕೊಂಡು, ಬಳೆ ತೆಗೆದು.

"ನಿನ್ನೆಯಿಂದ ಆ ಕೆಮ್ಮು ಕಿವಿಯಲ್ಲೇ ಕೂತಿದೆ, ಒಂದು ಹೊಲಿಗೆ ನೆಟ್ಟಗೆ ಬರ್ತಿಲ್ಲ" ಅಂದಳು. "ಗಾಡಿಗೋಸ್ಕರ ಬಂದಿದ್ದೀನಿ ಅಂತ ಅವಳಿಗೆ ಹೇಳು. ಓಡ್ಸೋದು ಗೀಡ್ಸೋದು ಏನೂ ಬೇಡ."

ಅಕ್ಕ ಮೂರು ಹೆಜ್ಜೆ ದೂರದಲ್ಲೇ ಇದ್ದಳು. "ಇಂಜಿನ್ ತಣ್ಣಗಿದೆ ಅಂತ ಹೇಳು ಅವಳಿಗೆ" ಅಂದಳು ನನಗೆ.

"ಕೇಳಿಸ್ತು ಅಂತ ಹೇಳು."

ನಾನು ತಂಗಿಯ ಕೈಗೆ ಸ್ಪ್ಯಾನರ್ ಎತ್ತಿ ಕೊಟ್ಟೆ. ಬೆಳಕು ಹಿಡಿಯಲು ಇನ್ನೊಬ್ಬರು ಬೇಕಿತ್ತು. ನಾನು ಬೇಕಂತಲೇ ಅಮ್ಮನ ಕುರ್ಚಿ ಸರಿಪಡಿಸುವ ನೆಪ ಮಾಡಿದೆ. ಅಕ್ಕನೇ ದೀಪ ಹಿಡಿದಳು.

ತಂಗಿ ಗಾಡಿಯ ಮೇಲೆ ಬಾಗಿ ಕೈ ಇಳಿಸಿದಳು, ಕಣ್ಣು ಮುಚ್ಚಿದಳು. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಬೆರಳಿನ ಲೆಕ್ಕ. ತುಟಿ ಕಚ್ಚಿಕೊಂಡು ಮೆಲ್ಲಗೆ ತಿರುಗಿಸುತ್ತ ಹೋದಳು. ಹಳೆಯ ಪ್ಲಗ್ಗು ಬಂತು. ಅದರ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗಿ, ಮೇಲೆ ಕಾಳುಮೆಣಸು ಉದುರಿಸಿದಂತೆ ಚುಕ್ಕಿ ಬಿದ್ದಿತ್ತು. ಒಂದು ಸಲ ಬೀದಿಯಲ್ಲಿ ಒತ್ತಿದ್ದಕ್ಕೇ ಈ ಪಾಡು. ಗುಡ್ಡ ಹತ್ತಿಸಿದ್ದರೆ ಇಂಜಿನ್ ಕಥೆ ಮುಗಿಯುತ್ತಿತ್ತು. ಅಕ್ಕನಿಗೆ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. ಅವಳ ಕಣ್ಣು ತಂಗಿಯ ಮಣಿಕಟ್ಟಿನ ಮೇಲಿತ್ತು. ದೀಪದ ಬೆಳಕಿನಲ್ಲಿ ಅಲ್ಲಿ ಸುಟ್ಟ ಗಾಯದ ಕಲೆಗಳು ಕಾಣುತ್ತಿದ್ದವು, ಒಂದರ ಪಕ್ಕ ಒಂದು.

"ಇದೇನಿದು?" ಅಂದಳು ಅಕ್ಕ. ನನ್ನ ಮೂಲಕ ಅಲ್ಲ, ನೇರವಾಗಿ.

ತಂಗಿ ಕಣ್ಣು ತೆರೆಯಲಿಲ್ಲ. ಹೊಸ ಪ್ಲಗ್ಗನ್ನು ಕೊಳವೆಯಲ್ಲಿ ತಿರುಗಿಸುತ್ತಿದ್ದಳು. "ಪೈಪಿಂದು. ಕೆಳಗಿಂದು ಹೋದ ವರ್ಷದ್ದು. ಮೇಲಿಂದು ಅದರ ಹಿಂದಿನದು. ಇಂಜಿನ್ ಆರೋವರೆಗೂ ಕಾಯೋಕೆ ನಿಂಗೆ ಯಾವತ್ತು ಆಗಿದೆ?"

"ಹೇಳ್ಬಾರ್ದಿತ್ತಾ?"

"ಅಷ್ಟೊತ್ತಿಗೆ ನೀನು ಗಾಡಿ ಹತ್ತಿ ಕೂತಾಗಿರ್ತಿತ್ತು."

ಅಕ್ಕ ದೀಪವನ್ನು ಆ ಮಣಿಕಟ್ಟಿಗೆ ಇನ್ನಷ್ಟು ಹತ್ತಿರ ತಂದಳು. ಅವಳ ಕಣ್ಣು ತುಂಬಿತು. ಅವಳು ಅತ್ತರೆ ನನಗೆ ಆಗುವುದಿಲ್ಲ, ಗಾರೆ ಗೋಡೆ ನೋಡುತ್ತ ನಿಂತೆ. ತಂಗಿ ಪ್ಲಗ್ಗು ಬಿಗಿದು, ತಂತಿಯ ಟೋಪಿ ಒತ್ತಿ, ಟಕ್ ಅಂದಿದ್ದನ್ನು ಕೇಳಿಸಿಕೊಂಡು ಕೈ ತೆಗೆದಳು. ಸಾಬೂನು ಕೇಳಿದಳು, ಕೈ ತೊಳೆದಳು, ಹೋದಳು. ಗಾಡಿ ಸ್ಟಾರ್ಟ್ ಮಾಡಿ ನೋಡಿದರೆ ಬೆಣ್ಣೆಯಂತೆ ಓಡುತ್ತಿತ್ತು.

ಭಾನುವಾರ ಗುಡ್ಡದ ಬುಡದಲ್ಲಿ ಜನ ಸೇರಿದ್ದರು. ತಂಗಿಯೂ ಬಂದಿದ್ದಳು, ಅಮ್ಮನ ಮಡಿಸುವ ಕುರ್ಚಿ ಹೊತ್ತುಕೊಂಡು. ಹೆಸರು ಬರೆಯುವ ಮೇಜಿನ ಹಿಂದಿದ್ದವನು ಅಕ್ಕನನ್ನು ಕಂಡವನೇ ನಕ್ಕು, ಕೇಳದೆಯೇ ಬರೆಯಲು ಶುರು ಮಾಡಿದ.

"ತಡಿ" ಅಂದಳು ಅಕ್ಕ. "ಎರಡನೇ ಸಲ ನಾನು. ಮೊದಲನೇ ಸಲ ಅವಳು."

ತಂಗಿ ಕುರ್ಚಿ ಕೆಳಗಿಟ್ಟಳು. "ನಾನು ಈ ಸಲ ಏನೂ ಕೇಳ್ಲಿಲ್ಲ."

"ಹೋದ ಸಲ ಕೇಳಿದ್ಯಲ್ಲ. ಉತ್ತರ ಹೇಳೋದು ತಡ ಆಯ್ತು." ಅಕ್ಕ ಬೀಗದ ಕೈ ಅವಳ ಅಂಗೈಯಲ್ಲಿಟ್ಟು, ಅವಳ ಮುಖ ನೋಡುವ ಧೈರ್ಯ ಸಾಲದೆ ನನ್ನನ್ನು ಗದರಿದಳು: "ನೀನೇನು ಬಾಯಿ ಬಿಟ್ಕೊಂಡು ನಿಂತಿದ್ದೀಯ, ಅಮ್ಮನ್ನ ನೆರಳಿಗೆ ಕೂರ್ಸು."

ನಾವು ಮೊದಲನೆಯ ತಿರುವಿನ ಮೇಲಿನ ದಿಬ್ಬದಲ್ಲಿ ನಿಂತೆವು. ಅಕ್ಕ ಉಗುರು ಕಚ್ಚುತ್ತಿದ್ದಳು. ಕೆಳಗೆ ಬಾವುಟ ಬಿತ್ತು. ಇಂಜಿನ್ ಮೊದಲು ತಗ್ಗಿನ ದನಿಯಲ್ಲಿ ಗುನುಗಿ, ಏರುತ್ತ ಏರುತ್ತ ಎದೆ ತುಂಬಿಕೊಂಡಿತು, ಅದರ ಮೇಲೆ ಟರ್ಬೊದ ಸಣ್ಣ ಶಿಳ್ಳೆ ಎದ್ದಿತು. ಆರು ಸಿಲಿಂಡರುಗಳೂ ಒಂದೇ ಉಸಿರಿನಲ್ಲಿ ಹಾಡಿದ ಹಾಗೆ ದನಿ ಗುಡ್ಡಕ್ಕೆ ಬಡಿದು ಎರಡಾಗಿ ವಾಪಸ್ಸು ಬಂತು. ಗಾಡಿ ನಮ್ಮ ಎದುರು ತಿರುವು ತೆಗೆದುಕೊಂಡಾಗ ನೆಲವೇ ಸಣ್ಣಗೆ ನಡುಗಿತು. ಒಳಗೆ ತಂಗಿ ಹಲ್ಲು ಕಚ್ಚಿ ಕೂತಿದ್ದಳು, ಖುಷಿ ಮಾತ್ರ ಮುಖದ ಮೇಲೆಲ್ಲ ಚೆಲ್ಲಿತ್ತು. ಮೇಲಿನ ಎರಡನೆಯ ತಿರುವಿನಲ್ಲಿ ಗೇರು ತಡವಾಗಿ ಬಿದ್ದದ್ದು ಕೇಳಿಸಿತು. ಆಮೇಲೆ ದನಿ ತುದಿಯವರೆಗೂ ಏರಿ ನಿಂತಿತು.

ನಾವು ಬುಡಕ್ಕೆ ಇಳಿದು ಬರುವಷ್ಟರಲ್ಲಿ, ಇಲ್ಲಿಯವರೆಗೆ ಹತ್ತಿದವುಗಳಲ್ಲಿ ನಮ್ಮದು ಮೂರನೆಯದು ಅಂತ ಧ್ವನಿವರ್ಧಕದಲ್ಲಿ ಅಂದರು, ಇಟ್ಟಿಗೆ ವ್ಯಾಪಾರಿ ಮೊದಲು. ಅವನು ನಮ್ಮತ್ತ ನೋಡಿ ಮೀಸೆ ತಿರುವಿದ. ಬೇರೆ ದಿನವಾಗಿದ್ದರೆ ಅಕ್ಕ ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದಳು. ಈಗ ಅವಳು ಅವನನ್ನು ಕಂಡಂತೆಯೇ ಇರಲಿಲ್ಲ.

"ನಮ್ ಗಾಡಿ ಹೀಗೆ ಕೂಗತ್ತಾ?" ಅಂದಳು ನನಗೆ. "ಇಷ್ಟು ವರ್ಷ ಯಾರೂ ನಂಗೆ ಹೇಳಲೇ ಇಲ್ವಲ್ಲೋ. ಒಳಗೆ ಕೂತ್ರೆ ಬಾಗಿಲು ಗಡಗಡ ಅನ್ನೋದೊಂದೇ ಕೇಳ್ಸೋದು."

ತಂಗಿ ಗಾಡಿ ಇಳಿಸಿಕೊಂಡು ಬಂದಳು. ಬೆವರಿದ ಮುಖ ಒರೆಸುತ್ತ, ಬೀಗದ ಕೈ ಚಾಚಿ, "ಎರಡನೇ ತಿರುವಲ್ಲಿ ಕೆಡಿಸ್ದೆ ಅಕ್ಕ. ನೀನು ಹತ್ಸು, ಗೆಲ್ತೀಯ. ಇಂಜಿನ್ ಭರ್ಜರಿಯಾಗಿದೆ" ಅಂದಳು.

ಅಕ್ಕ ಬೀಗದ ಕೈ ನೋಡಿದಳು. ಮೀಸೆಯ ಮೇಲೆ ಕೈಯಿಟ್ಟು ನಿಂತಿದ್ದ ಇಟ್ಟಿಗೆಯವನನ್ನೂ ಒಂದು ಸಲ ನೋಡಿದಳು. ಅವಳಿಗೆ ಗೆಲ್ಲುವುದೆಂದರೆ ಎಷ್ಟು ಪ್ರಾಣ ಎಂಬುದು ನನಗೆ ಗೊತ್ತು. ಆಮೇಲೆ ತಂಗಿಯ ಬೆರಳುಗಳನ್ನು ಬೀಗದ ಕೈಯ ಮೇಲೆ ಮಡಿಸಿದಳು.

"ಎರಡನೇ ತಿರುವಲ್ಲಿ ಗೇರು ಬೇಗ ಇಳಿಸು, ಹೆದರ್‍ಬೇಡ. ನೀನೇ ಹತ್ಸು. ನಾನು ಇನ್ನೊಂದ್ಸಲ ಕೇಳ್ಬೇಕು."

ಮೇಜಿನವನಿಗೆ ಹೆಸರು ಬದಲಿಸಲು ಹೇಳಿ, ಅವಳು ಗುಡ್ಡದ ಕಾಲುದಾರಿ ಹಿಡಿದು ಸರಸರ ಹತ್ತತೊಡಗಿದಳು. ಎಲ್ಲಿಗೆ ಅಂತ ಕೂಗಿದೆ. ಮೂರನೆಯ ತಿರುವಿಗಂತೆ, ಅಲ್ಲಿ ಎದುರಿಗೆ ಬಂಡೆಯಿದೆಯಂತೆ, ಇನ್ನೂ ಚೆನ್ನಾಗಿ ಕೇಳಿಸುತ್ತದಂತೆ. ಅಮ್ಮನೂ ತಾನು ಬರುತ್ತೇನೆಂದು ಎದ್ದಳು. ನಾನು ಕುರ್ಚಿ ಮಡಿಸಿ ಹೆಗಲಿಗೇರಿಸಿಕೊಂಡು ಅವರ ಹಿಂದೆ ಹೊರಟೆ.